18 ತಾಸಿನ ಕಥೆ ಸಾಕು, 8 ತಾಸಿನ ಕಾನೂನು ಮಾತಾಡೋಣ



ಹೋದ ತಿಂಗಳು ಸೇಡಂನಾಗ ನಮ್ಮದೊಂದು ಸಭೆ ಇತ್ತು. 11ಕ್ಕೆ ಅಂದಿದ್ದು 1ಕ್ಕೆ ಶುರುವಾಯ್ತು. 3 ಗಂಟೆಯಾದರೂ ಊಟದ ಸುದ್ದಿಯಿಲ್ಲ. ನಾನು ಎದ್ದು ಹೊರಗೆ ಹೋಗಿ, ಜೇಬಿನಲ್ಲಿದ್ದ ಬಿಸ್ಕಿಟ್ ತಿಂದು ಬಂದೆ. ವೇದಿಕೆ ಮೇಲಿದ್ದ ಹಿರಿಯರೊಬ್ಬರು ಮೈಕಿನಲ್ಲೇ ಅಂದ್ರು: "ಬಾಬಾಸಾಹೇಬರು ದಿನಕ್ಕ 18 ತಾಸು ಓದ್ತಿದ್ರು. ನಮ್ ಹುಡುಗ್ರಿಗೆ ಎರಡು ತಾಸು ಕುಂದರಲಿಕ್ಕ ಆಗಂಗಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗಬಾರದಿತ್ತು. ಅದಕ್ಕೇ ಇದನ್ನ ಬರೀಲಿಕತ್ತೀನಿ.

ನನಗೆ ಟೈಪ್ 1 ಡಯಾಬಿಟಿಸ್ ಇದೆ. ನಮ್ಮ ಕಡೆ ಶುಗರ್ ಅಂದ್ರ ವಯಸ್ಸಾದವರ ಕಾಯಿಲೆ, ಸಿಹಿ ತಿಂದು ತಂದುಕೊಂಡ ಕಾಯಿಲೆ ಅಂತಾರೆ. ಇದು ಅದಲ್ಲ. ಇನ್ಸುಲಿನ್ ಮಾಡುವ ಜೀವಕೋಶಗಳನ್ನ ನಮ್ಮ ದೇಹವೇ ಕೊಂದುಹಾಕುತ್ತೆ. ಹೊರಗಿನಿಂದ ಇನ್ಸುಲಿನ್ ಹೋಗದಿದ್ದರೆ ಜೀವ ಉಳಿಯಲ್ಲ. ನನಗೆ ದಿನಕ್ಕೆ 4 ಸೂಜಿ. ಡೋಸ್ ಹೆಚ್ಚಾದ್ರ, ಇಲ್ಲಾ ಊಟ ತಡವಾದ್ರ ಸಕ್ಕರೆ ಸರ್ರಂತ ಇಳಿಯುತ್ತೆ. 70ಕ್ಕಿಂತ ಕೆಳಗೆ ಹೋದ್ರ ಕೈ ನಡುಗುತ್ತೆ, ಬೆವರು ಕಿತ್ತುಬರುತ್ತೆ. ಇನ್ನೂ ಇಳಿದ್ರ ಮಾತು ತೊದಲಿ ಎಚ್ಚರ ತಪ್ಪುತ್ತೆ. ಆ ಬಿಸ್ಕಿಟ್ ನನಗೆ ಔಷಧಿ.

ನಾನು ವೆಬ್ ಡೆವಲಪರ್. ಊರು ಸೇಡಂ ತಾಲೂಕಿನ ಮುಧೋಳ. (ನಾಯಿಗೆ ಹೆಸರಾದ ಮುಧೋಳ ಅಲ್ರಿ, ಅದು ಬಾಗಲಕೋಟೆ ಕಡೆದು.) ಅಪ್ಪ ಫರಸಿ ಖಣಿಯಲ್ಲಿ ಕಲ್ಲು ಒಡೀತಿದ್ದ. ಮೈಯಾಗ ಹುಷಾರಿಲ್ಲ ಅಂತ ಒಂದು ದಿನ ಮನೆಯಾಗ ಕುಂತ್ರ ಆ ದಿನದ ಪಗಾರ ಇಲ್ಲ. ಮಗ ಕಂಪ್ಯೂಟರ್ ಕಲಿತರೆ ಈ ನಿಯಮದಿಂದ ಪಾರಾಗ್ತಾನೆ ಅಂತ ಅವನ ಲೆಕ್ಕ ಇತ್ತು.

ಬೆಂಗಳೂರಿನ ಒಂದು ಕಂಪನಿ ಸೇರುವಾಗ ಫಾರಂನಲ್ಲಿ 'ಯಾವುದಾದರೂ ದೀರ್ಘಕಾಲದ ಕಾಯಿಲೆ ಇದೆಯೇ' ಅಂತ ಕೇಳಿದ್ರು. 'ಇಲ್ಲ' ಅಂತ ಬರೆದೆ. ಅಷ್ಟರಲ್ಲಿ 'ನಿಮ್ಮ ಅಡ್ಡಹೆಸರೇನು', 'ಊರಲ್ಲಿ ಮನೆ ಯಾವ ಕಡೆ' ಅನ್ನೋ ಪ್ರಶ್ನೆಗಳಿಗೆ ಮಾತು ತೇಲಿಸೋದು ನನಗೆ ರೂಢಿಯಾಗಿತ್ತು. ಜಾತಿ ಮುಚ್ಚಿಡೋದು ಕಲಿತವನಿಗೆ ಕಾಯಿಲೆ ಮುಚ್ಚಿಡೋದು ಕಷ್ಟವಾಗಲಿಲ್ಲ. ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕ್ಕೊಂಡು ಸೂಜಿ ಚುಚ್ಚಿಕೊಳ್ತಿದ್ದೆ.

ಒಂದು ರಾತ್ರಿ ರಿಲೀಸ್ ಇತ್ತು. ಸೈಟಿನ ಹೊಸ ಆವೃತ್ತಿ ಜನರಿಗೆ ಬಿಡುವ ಕೆಲಸ. ಕ್ಲೈಂಟ್ ಅಮೆರಿಕದವರು, ಹಂಗಾಗಿ ನಮ್ಮ ರಾತ್ರಿಯೇ ಅವರ ಹಗಲು. 8ಕ್ಕೆ ಸೂಜಿ ಹಾಕ್ಕೊಂಡೆ. 'ಐದೇ ನಿಮಿಷ' ಅಂತ ಕಾಲ್ ಶುರು ಮಾಡಿದವರು 9:30 ಆದರೂ ಬಿಡಲಿಲ್ಲ. ಊಟ ಡಬ್ಬಿಯಲ್ಲೇ ಉಳೀತು. ಕೈ ನಡುಗ್ತಿತ್ತು, ತಲೆ ಮಂಜಾಗಿತ್ತು. ಪರೀಕ್ಷೆಯ ಸರ್ವರಿಗೆ ಕೊಡಬೇಕಾದ ಕಮಾಂಡನ್ನ ಲೈವ್ ಸರ್ವರಿಗೆ ಕೊಟ್ಟೆ. ಸೈಟ್ ಬಿತ್ತು. ಕಾಲ್‌ನಲ್ಲಿ ಏನಾಯ್ತು ಅಂತ ಕೇಳಿದ್ರ ನನ್ನ ಮಾತು ತೊದಲ್ತಿತ್ತು.

ಮರುದಿನ ಮ್ಯಾನೇಜರ್ ಕೇಳಿದ್ರು, "ನಿನ್ನೆ ಕುಡಿದಿದ್ರಾ?" ಹಿಂದಿನ ಸಾಲಿನಲ್ಲಿ ಒಬ್ಬ ಇನ್ನೊಬ್ಬನಿಗೆ, "ಕೋಟಾದಲ್ಲಿ ಓದಿದವರನ್ನ ತಗೊಂಡ್ರೆ ಇಷ್ಟೇ" ಅಂದ. ನಾನೇನೂ ಹೇಳದಿದ್ದರೂ ಜಾತಿ ಅವರಿಗೆ ಗೊತ್ತಾಗಿತ್ತು ಅಂತ ಆವತ್ತು ತಿಳೀತು. ನನ್ನ ತಪ್ಪಿಗೆ ಅವರ ಹತ್ತಿರ ಎರಡು ಕಾರಣ ರೆಡಿ ಇದ್ದವು. ಮೂರನೆಯದು, ನಿಜವಾದದ್ದು, ನನ್ನ ಬಾಯಲ್ಲೇ ಉಳೀತು. ಮೂರು ತಿಂಗಳಿಗೆ ಕೆಲಸ ಹೋಯ್ತು.

ಅಪ್ಪನ ಖಣಿಯ ನಿಯಮ ಎಸಿ ರೂಮಿನಲ್ಲೂ ಇತ್ತು. ಕಾನೂನು ಏನು ಮಾಡ್ತಿತ್ತು ಅಂತ ಆಮೇಲೆ ಓದಿ ನೋಡಿದೆ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 21 ಸ್ಥಿತಿಗಳನ್ನ ಪಟ್ಟಿ ಮಾಡಿದೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ ಅದರಲ್ಲಿವೆ. ಅದು ಒಳ್ಳೇದೇ. ಟೈಪ್ 1 ಡಯಾಬಿಟಿಸ್ ಇಲ್ಲ.

ಇಎಸ್‌ಐ ನೋಡಿ. 2017ರಿಂದ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ. ಅಂಗವಿಕಲರಿಗೆ 25,000ದವರೆಗೆ. ನನ್ನ ಸಂಬಳ 24,000. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದ್ದಕ್ಕೆ ಇಎಸ್‌ಐ ಇಲ್ಲ. ಬಸ್ಸಿನಲ್ಲಿ ಕಲಬುರಗಿಗೆ ಹೋಗುವಾಗ ಸೇಡಂ ರಸ್ತೆಯ ಆ ದೊಡ್ಡ ಇಎಸ್‌ಐ ಆಸ್ಪತ್ರೆ ಕಾಣುತ್ತೆ. ನಾನು ಮುಂದೆ ಹೋಗಿ ಮೆಡಿಕಲ್ ಅಂಗಡಿಯಲ್ಲಿ ರೊಕ್ಕ ಕೊಟ್ಟು ಇನ್ಸುಲಿನ್ ತರ್ತೀನಿ.

ಕೆಲಸದ ವೇಳೆ, ರಜೆ, ಶಿಸ್ತುಕ್ರಮದ ನಿಯಮಗಳನ್ನ ಮಾಲೀಕ ಲಿಖಿತವಾಗಿ ಇಡಬೇಕು ಅಂತ 1946ರ ಸ್ಥಾಯಿ ಆದೇಶಗಳ ಕಾಯ್ದೆ ಹೇಳ್ತಿತ್ತು. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. 2019ರಲ್ಲಿ, 2024ರಲ್ಲಿ ಅದನ್ನೇ ಮುಂದುವರಿಸಿತು. ಅದೇ 2024ರ ಜುಲೈನಲ್ಲಿ ಐಟಿಯವರ ಕೆಲಸದ ದಿನವನ್ನ 14 ತಾಸಿಗೆ ಏರಿಸುವ ಪ್ರಸ್ತಾಪ ಬಂತು. ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿತು. ನಾನಿರುವ ನಮ್ಮ ಗುಂಪುಗಳಲ್ಲಿ ಅದರ ಬಗ್ಗೆ ಒಂದು ಮಾತಿಲ್ಲ. ಐಟಿ ಅಂದ್ರ ಮೇಲ್ಜಾತಿಯವರ ಲೋಕ ಅಂತ ನಾವೇ ಬಿಟ್ಟುಕೊಟ್ಟಿದ್ದೀವಿ. ಅಲ್ಲಿ ನಮ್ಮ ಮಕ್ಕಳೂ ಇದಾರೆ, ಹೆಸರು ಮುಚ್ಚಿಟ್ಟುಕೊಂಡು.

ಈಗ ಬಾಬಾಸಾಹೇಬರ ಮಾತಿಗೆ ಬರ್ತೀನಿ.

ಅವರಿಗೂ ಸಕ್ಕರೆ ಕಾಯಿಲೆ ಇತ್ತು. ನರಗಳ ನೋವಿತ್ತು, ಇನ್ಸುಲಿನ್ ತಗೋತಿದ್ರು. ಸಂವಿಧಾನದ ಕರಡಿನ ಕೆಲಸ ನಡೆದಾಗಲೇ ಆರೋಗ್ಯ ಕೆಟ್ಟಿತ್ತು. 1948ರಲ್ಲಿ ಅವರನ್ನ ಮದುವೆಯಾದ ಮಾಯಿಸಾಹೇಬ್ ಸವಿತಾ ಅಂಬೇಡ್ಕರ್ ಸ್ವತಃ ಡಾಕ್ಟರ್. ಹೊತ್ತಿಗೆ ಊಟ, ಹೊತ್ತಿಗೆ ಔಷಧಿ ನೋಡಿಕೊಳ್ಳಲು ಮನೆಯಲ್ಲೇ ಒಬ್ಬರು ಇದ್ರು. ಆದರೂ 65ಕ್ಕೇ ಹೋಗಿಬಿಟ್ಟರು. ದೇಹ ಸವೆಸಿ ದುಡಿದದ್ದು ಅವರ ತ್ಯಾಗ. ಅದನ್ನ ಇನ್ನೊಬ್ಬರ ತಲೆ ಮೇಲೆ ಹೊರಿಸುವ ನಿಯಮ ಅವರು ಮಾಡಲಿಲ್ಲ. ಮಾಡಿದ್ದು ಅದರ ಉಲ್ಟಾ. 1942ರಿಂದ 1946ರವರೆಗೆ ವೈಸ್‌ರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿದ್ದಾಗ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ದುಡಿಮೆಯನ್ನ 54 ತಾಸಿನಿಂದ 48ಕ್ಕೆ ಇಳಿಸಿದರು. 6 ದಿನಕ್ಕೆ ಹಂಚಿದ್ರ ದಿನಕ್ಕೆ 8 ತಾಸು. ನಾವು ಅವರ 18 ತಾಸು ನೆನಪಿಟ್ಕೊಂಡು, ನಮಗಾಗಿ ತಂದ 8 ತಾಸು ಮರೆತೀವಿ.

ಈಗ ನಾನು ಮುಧೋಳದಲ್ಲೇ ಇದ್ದು, ಸಿಕ್ಕವರಿಗೆ ಸೈಟ್ ಮಾಡಿಕೊಡ್ತೀನಿ. ಬೇಸಿಗೆಯಲ್ಲಿ ಕರೆಂಟ್ ಹೋದ್ರ ಫ್ರಿಜ್ ನಿಲ್ಲುತ್ತೆ. ಅವ್ವ ಇನ್ಸುಲಿನ್ ಬಾಟ್ಲಿಯನ್ನ ಸಣ್ಣ ಮಣ್ಣಿನ ಗಡಿಗೆಯಲ್ಲಿಟ್ಟು, ಹಸಿ ಉಸುಕಿನ ಮೇಲೆ ಕೂಡಿಸ್ತಾಳೆ. "ಮೊದ್ಲು ರೊಟ್ಟಿ ತಿನ್ನು, ಆಮ್ಯಾಲ ನಿನ್ ಕಂಪ್ಯೂಟರ್" ಅಂತಾಳೆ. ರಾತ್ರಿ ಕಾಲ್ ತಗೊಳ್ಳಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಅದಕ್ಕೇ ಒಬ್ಬ ಕ್ಲೈಂಟ್ ಬಿಟ್ಟು ಹೋದ. ಇದನ್ನ ಗೆದ್ದ ಕಥೆ ಅಂತ ಓದಬ್ಯಾಡ್ರಿ. ಇಲ್ಲಿ ಪಿಎಫ್ ಇಲ್ಲ, ರಜೆ ಇಲ್ಲ. ನಾನು ಬಿದ್ರ ನೋಡಲಿಕ್ಕೆ ಅವ್ವ ಒಬ್ಬಳೇ.

ನಾನು ಕೇಳೋದು ಇಷ್ಟೇ:

1. ಬದುಕಲು ದಿನಾ ಇನ್ಸುಲಿನ್ ಬೇಕಾದವರನ್ನ 2016ರ ಕಾಯ್ದೆಯ ಪಟ್ಟಿಗೆ ಸೇರಿಸಿ.
2. ಇಎಸ್‌ಐ ಸಂಬಳದ ಮಿತಿ ಏರಿಸಿ. ದೀರ್ಘ ಕಾಯಿಲೆ ಇದ್ದವರಿಗೆ ಮಿತಿಯೇ ಬೇಡ.
3. ಊಟದ ವೇಳೆ, ರಾತ್ರಿ ಕೆಲಸದ ಮಿತಿ ಐಟಿ ಕಂಪನಿಗಳಲ್ಲೂ ಲಿಖಿತ ನಿಯಮವಾಗಲಿ. ಮ್ಯಾನೇಜರ್ ಒಳ್ಳೆಯವನಿದ್ರ ಸಿಗುವ ಉಪಕಾರ ಆಗೋದು ಬ್ಯಾಡ.

ಇವು ಸರ್ಕಾರಕ್ಕೆ. ನಾಲ್ಕನೆಯದು ನಮಗೆ, ಅದಕ್ಕೆ ಯಾವ ಕಾಯ್ದೆನೂ ಬೇಕಿಲ್ಲ. ಮುಂದಿನ ಸಭೆ 11ಕ್ಕೆ ಅಂದ್ರ 11ಕ್ಕೇ ಶುರು ಮಾಡೋಣ, 1 ಗಂಟೆಗೆ ಊಟಕ್ಕೆ ಬಿಡೋಣ. ನಡುವೆ ಒಬ್ಬರು ಎದ್ದು ಹೊರಗೆ ಹೋದ್ರ ಮೈಕಿನಲ್ಲಿ ಮಾತಾಡೋದು ಬಿಟ್ಟು, ಹಿಂದೆ ಹೋಗಿ 'ಆರಾಮ ಇದ್ದೀಯೇನೋ ತಮ್ಮಾ' ಅಂತ ಕೇಳೋಣ.

ಮುಂದಿನ ಸಭೆಗೆ ನಾನು ಬರ್ತೀನಿ. ಸೂಜಿ ಟಾಯ್ಲೆಟ್ಟಿನಲ್ಲಿ ಅಲ್ಲ, ಕುಂತಲ್ಲೇ ಹಾಕ್ಕೊಳ್ತೀನಿ.

ಜೈ ಭೀಮ್.