ಹದಿನೈದರಿಂದ ಎಂಟು, ಮಧ್ಯ ಚುಕ್ಕೆ

ಹಳೇ ವಾರಪತ್ರಿಕೆಗಳ ರಂಗೋಲಿ ಪುಟ ನೆನಪಿದೆಯಾ? ಚಿತ್ರದ ಕೆಳಗೆ ಒಂದೇ ಸಾಲಿನ ಸೂಚನೆ ಇರ್ತಿತ್ತು: ‘ಚುಕ್ಕೆ 15ರಿಂದ 8, ಮಧ್ಯ ಚುಕ್ಕೆ’. ಗೊತ್ತಿದ್ದವರಿಗೆ ಅಷ್ಟೇ ಸಾಕಿತ್ತು. ನಡುವಿನ ಸಾಲಿಗೆ 15 ಚುಕ್ಕೆ. ಅದರ ಮೇಲೊಂದು, ಕೆಳಗೊಂದು ಸಾಲು, ಎರಡೆರಡು ಚುಕ್ಕೆಗಳ ಸಂದಿಗೆ ಸರಿಯಾಗಿ 14. ಆಮೇಲೆ 13. ಹೀಗೇ ಎರಡೂ ಕಡೆ 8 ಬರೋವರೆಗೆ. ನಮ್ಮ ಆಫೀಸ್ ಭಾಷೆಯಲ್ಲಿ ಇದು ಪಕ್ಕಾ ಕೋಡ್. ಎರಡು ನಂಬರು, ಒಂದು ಷರತ್ತು, ಅಂಗಳ ಪೂರ್ತಿ ತುಂಬಿತು.

ಒಟ್ಟು ಎಷ್ಟು ಚುಕ್ಕೆ ಆಯ್ತು? ಕೂಡಿ ನೋಡಿ, 169. ಹದಿಮೂರು ಹದಿಮೂರ್ಲ ಕೂಡ ಅಷ್ಟೇ, ಆದ್ರೆ ಅದು ಕಾಕತಾಳೀಯ, ಬಿಡಿ. ಮಜಾ ಇರೋದು ಬೇರೆ ಕಡೆ. 8ರ ಘನ 512, 7ರ ಘನ 343. ಕಳೀರಿ, 169! ಚಿಕ್ಕ ರಂಗೋಲಿ ತಗೊಳ್ಳಿ, 5ರಿಂದ 3: ಒಟ್ಟು 19 ಚುಕ್ಕೆ. 27ರಲ್ಲಿ 8 ಕಳೆದ್ರೂ 19. 7ರಿಂದ 4 ಇಟ್ರೆ 37, ಅದು 64ರಲ್ಲಿ 27 ಕಳೆದಷ್ಟು. ಇಂಥ ಆರು ಮೂಲೆಯ ರಂಗೋಲಿ ಎಷ್ಟೇ ದೊಡ್ಡದಿರಲಿ, ಚುಕ್ಕೆಗಳ ಲೆಕ್ಕ ಯಾವಾಗಲೂ ಎರಡು ಘನಗಳ ವ್ಯತ್ಯಾಸ.

ಚಪ್ಪಟೆ ನೆಲದ ಮೇಲೆ ಈ ಘನ ಎಲ್ಲಿಂದ ಬಂತು? ಮನೇಲಿ ರೂಬಿಕ್ಸ್ ಕ್ಯೂಬ್ ಇದ್ರೆ ಎತ್ಕೊಳ್ಳಿ. ಒಂದು ಮೂಲೆ ನೇರವಾಗಿ ನಿಮ್ಮ ಮೂಗಿನ ಕಡೆ ಬರೋ ಹಾಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. ಮೂರು ಮುಖ ಕಾಣುತ್ತೆ, ಹೊರಗಿನ ಆಕಾರ ಆರು ಮೂಲೆಯದು. ಕಾಣೋ ಪುಟ್ಟ ಕ್ಯೂಬುಗಳನ್ನ ಎಣಿಸಿ: 19. ಒಟ್ಟು 3×3×3 ಅಂದ್ರೆ 27 ಜಾಗ, ಅದರಲ್ಲಿ 2×2×2 ಅಂದ್ರೆ 8 ಹಿಂದೆ ಅಡಗಿವೆ. ನಿಮ್ಮ ಕಣ್ಣಿಗೆ ಕಾಣ್ತಿರೋದೇ 5ರಿಂದ 3, ಮಧ್ಯ ಚುಕ್ಕೆ. ನನಗಂತೂ ಇದು ತಿಳಿದ ದಿನ ಬೇರೆ ಕೆಲಸ ಓಡಲಿಲ್ಲ.

ಚುಕ್ಕೆ ಸೇರಿಸಿ ಬಿಡಿಸೋದು ಒಂದು ಥರ. ಚುಕ್ಕೆಗಳನ್ನ ಮುಟ್ಟದೆ, ಅವುಗಳ ಸುತ್ತ ಎಳೆ ಹಾಯಿಸೋದು ಇನ್ನೊಂದು ಥರ. ಇದರ ಲೆಕ್ಕ ಇನ್ನೂ ಸೊಗಸು. ಸಾಲಿಗೆ 4ರಂತೆ 3 ಸಾಲು ನೇರ ಚುಕ್ಕೆ ಇಡಿ. ಎಳೆ ಓರೆಯಾಗಿ ಸಾಗಬೇಕು, ಅಕ್ಕಪಕ್ಕದ ಪ್ರತಿ ಎರಡು ಚುಕ್ಕೆಗಳ ನಡುವೆ ಒಂದನ್ನೊಂದು ದಾಟಬೇಕು, ಅಂಚು ಬಂದಾಗ ಹೊರಗಿನ ಚುಕ್ಕೆ ಬಳಸಿಕೊಂಡು ಒಳಗೆ ತಿರುಗಬೇಕು. ಕೈ ಎತ್ತದೆ ಶುರು ಮಾಡಿದಲ್ಲಿಗೇ ಬಂದು ಸೇರ್ತೀರಿ, ಒಂದು ಚುಕ್ಕೆಯೂ ಉಳಿಯಲ್ಲ. ಅದೇ 4×6 ಇಟ್ರೆ ಒಂದೇ ಎಳೇಲಿ ಆಗಲ್ಲ.

ನಮ್ಮ ಬನಶಂಕರಿಯ ಅಪಾರ್ಟ್‌ಮೆಂಟಿಗೆ ಅಡುಗೆಗೆ ಬರೋ ಒಬ್ಬರಿದ್ದಾರೆ. ಧನುರ್ಮಾಸದಲ್ಲಿ ಗೇಟಿನ ಮುಂದಿನ ರಂಗೋಲಿ ಅವರದೇ. ರಜೆ ದಿನ ಆರನೇ ಕ್ಲಾಸಿನ ಮಗಳೂ ಜೊತೆಗೆ ಬರ್ತಾಳೆ. ಅವಳ ಪುಸ್ತಕದಲ್ಲಿ ಮ.ಸಾ.ಅ. ಪಾಠ, ಅದರ ತುಂಬಾ ಕೆಂಪು ಇಂಕು. “ನಂಗೇ ಲೆಕ್ಕ ಅಂದ್ರೆ ಆಗಲ್ಲ ಅಕ್ಕ, ಅವಳಿಗೂ ಹಂಗೇ ಬಂದಿದೆ. ಹೆಂಗೋ ಎಸ್ಸೆಸ್ಸೆಲ್ಸಿ ಮುಗಿಸ್ಲಿ, ಆಮೇಲೆ ಲೆಕ್ಕ ಇಲ್ಲದ್ದು ಏನಾದ್ರೂ ನೋಡೋಣ” ಅಂದ್ರು ತಾಯಿ. ಹನ್ನೊಂದು ವರ್ಷದ ಹುಡುಗಿಯ ಮುಂದಿನ ದಾರಿ ಹೀಗೆ ಒಂದೇ ಮಾತಲ್ಲಿ ತೀರ್ಮಾನ ಆಗ್ತಿತ್ತು.

ಒಂದು ಹಾಳೆಯಲ್ಲಿ 4×6 ಚುಕ್ಕೆ ಇಟ್ಟು ಕೊಟ್ಟೆ. ಅವರು ಪೆನ್ನು ಊರೋ ಮುಂಚೆಯೇ, “ಇದಕ್ಕೆ ಎರಡು ಎಳೆ ಬೇಕು” ಅಂದ್ರು.

“ನಿಂಗೆ ಹೆಂಗೆ ಗೊತ್ತಾಯ್ತಮ್ಮಾ?”

“ನೋಡಿದ್ರೆ ಗೊತ್ತಾಗಲ್ವಾ?”

4 ಮತ್ತು 6ರ ಮಹತ್ತಮ ಸಾಮಾನ್ಯ ಅಪವರ್ತನ 2. ಬೇಕಾದ ಎಳೆಗಳು 2. 3 ಮತ್ತು 4ಕ್ಕೆ ಮ.ಸಾ.ಅ. 1, ಎಳೆಯೂ ಒಂದೇ. 4×4 ಇಟ್ರೆ ನಾಲ್ಕು. ಯಾವ ಅಳತೆಗೂ ಈ ನಿಯಮ ತಪ್ಪಲ್ಲ. ಹುಡುಗಿ ಆ ಹಾಳೆ ಮುಗಿಸಿ ಇನ್ನೊಂದು ಕೇಳಿದಳು. 6×8ಕ್ಕೆ ಅವಳೇ ಮೊದಲು “ಎರಡು” ಅಂದಳು, ಬಿಡಿಸಿ ನೋಡಿದಳು, ಸರಿ ಬಂತು. ತಾಯಿ ಒಲೆ ಆರಿಸಿ ಬಂದು ನಿಂತು ನೋಡಿದರು, ಏನೂ ಮಾತಾಡಲಿಲ್ಲ. ಮುಂದಿನ ಟೆಸ್ಟಲ್ಲಿ ಎಷ್ಟು ಬಂತು ಅಂತ ನಾನು ಕೇಳೋಕೆ ಹೋಗಿಲ್ಲ.

ಮೂರು ಸಾಲು ಕೋಡ್ ಬರೆದವರನ್ನ ನಾವು ಟೆಕ್ಕಿ ಅಂತೀವಿ, ಇದನ್ನ ಮಾಡುವವರನ್ನ ‘ಕೈ ಚೆನ್ನಾಗಿದೆ’ ಅಂತ ಹೇಳಿ ಮುಗಿಸ್ತೀವಿ. ಆದ್ರೆ ಎಲ್ಲರೂ ಹಾಗೆ ಸುಮ್ಮನಿರಲಿಲ್ಲ. ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಅನ್ನೋ ಚೆನ್ನೈನ ಸಂಶೋಧಕರು 1974ರಲ್ಲೇ, ಕೋಲಂ ಚಿತ್ರಗಳಿಗೆ ವ್ಯಾಕರಣ ಬರೆಯಬಹುದು ಅಂತ ಕಂಪ್ಯೂಟರ್ ವಿಜ್ಞಾನದ ಪ್ರಬಂಧ ಪ್ರಕಟಿಸಿದ್ರು.

ಅಂದಕ್ಕಾಗಿ ಲೆಕ್ಕ ಮಾಡೋದು ನಮ್ಮ ನಾಡಿಗೆ ಹೊಸದೂ ಅಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗುಣಾಕಾರ ಕಲಿಸುವಾಗ ಅವನು ಕೊಟ್ಟ ಕೆಲವು ಲೆಕ್ಕಗಳ ಉತ್ತರ ಕೊರಳಿನ ಹಾರದ ಹಾಗಿರುತ್ತೆ, ಎರಡೂ ಕಡೆಯಿಂದ ಓದಿದ್ರೂ ಒಂದೇ. ಫೋನ್ ಕೈಯಲ್ಲೇ ಇದೆಯಲ್ಲ, 139×109 ಒತ್ತಿ. 15151. ಆಮೇಲೆ 152207×73 ಒತ್ತಿ ನೋಡಿ, ಅದನ್ನ ನಾನು ಹೇಳಿಬಿಟ್ರೆ ಮಜಾ ಇರಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ಜಯನಗರ 4ನೇ ಬ್ಲಾಕಿನ ಕಡೆ ರಂಗೋಲಿ ಪುಡಿ ಜೊತೆ ಜಾಲರಿ ಅಚ್ಚು, ಸ್ಟಿಕ್ಕರು ಎಲ್ಲ ಸಿಗುತ್ತೆ. ಫ್ಲಾಟಿನ ಬಾಗಿಲಿಗೆ ಸ್ಟಿಕ್ಕರೇ ಅನುಕೂಲ, ಒಪ್ಪಿದೆ. ಆದ್ರೆ ಅದರಲ್ಲಿ ಎಳೆ ಎಲ್ಲಿ ತಿರುಗಬೇಕು ಅಂತ ಯೋಚಿಸುವವರು ನೀವಲ್ಲ, ಆ ಮಜಾ ಫ್ಯಾಕ್ಟರಿಯವರಿಗೆ ಹೋಯ್ತು. ಬಾಗಿಲ ಮುಂದೆ ಜಾಗ ಇಲ್ಲದಿದ್ರೆ ಮೀಟಿಂಗಿಗೆ ಒಯ್ಯೋ ನೋಟ್‌ಬುಕ್ಕಿನ ಕೊನೇ ಪುಟ ಆಗುತ್ತೆ. 6×9 ಚುಕ್ಕೆ ಇಡಿ. ಎಷ್ಟು ಎಳೆ ಅಂತ ಮೊದಲು ಹೇಳಿ, ಆಮೇಲೆ ಬಿಡಿಸಿ.