ಸತ್ತ ಕೋಳಿ ಯಾರ ಪಾಲಿಗೆ?

ಕೆಂಗೇರಿಯ ಹಿತ್ತಿಲುಗಳಲ್ಲಿ ನಾವು ನಾಟಿ ಕೋಳಿ ಸಾಕುತ್ತೇವೆ. ಬೆಳಿಗ್ಗೆ ಗೂಡು ತೆರೆದಾಗ ಒಂದು ಸತ್ತು ಬಿದ್ದಿದ್ದರೆ ಏನು ಮಾಡುತ್ತೇವೆ? ಕವರಿಗೆ ಹಾಕಿ ಗಂಟು ಬಿಗಿದು, ಕತ್ತಲಾದ ಮೇಲೆ ವೃಷಭಾವತಿಗೆ ಎಸೆಯುತ್ತೇವೆ. ಇಲ್ಲವೇ ಕಸದ ಗಾಡಿಗೆ ಹಾಕುತ್ತೇವೆ. ಸತ್ತದ್ದು ಹರಾಮ್, ನಾವು ಬಾಯಿಗಿಡುವುದಿಲ್ಲ. ಸರಿ. ಆದರೆ ಆ ಕವರನ್ನು ಬರಿಗೈಯಲ್ಲಿ ಬಿಚ್ಚುವ ಪೌರಕಾರ್ಮಿಕ ಹೆಣ್ಣುಮಗಳ ಗತಿಯೇನು? ನಮ್ಮ ಶುದ್ಧಿ ನಮ್ಮ ಹೊಸ್ತಿಲಿಗೇ ಮುಗಿಯಿತೇ?

ಹಕ್ಕಿಜ್ವರ ದೂರದ ಮಾತಲ್ಲ. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರಕ್ಕೇ ಬಂದಿತ್ತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಮನೆಕೋಳಿಗಳಿಗೆ ತಗುಲಿತು. ಒಂದು ಕೋಳಿ ಸತ್ತರೆ ಕೈಗೆ ಕವರ್ ಸುತ್ತಿಕೊಂಡು, ಬೋರ್‌ವೆಲ್‌ನಿಂದ ದೂರದಲ್ಲಿ, ನಾಯಿ ಕೆದಕಲಾಗದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಬೇಕು. ಒಟ್ಟಿಗೆ ಹಲವು ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಉಳಿದವನ್ನೂ ಕೊಲ್ಲುತ್ತಾರೆಂಬ ಭಯಕ್ಕೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಹಾಗೆ ಕೊಂದ ಕೋಳಿಗೆ ಪರಿಹಾರ ಕೊಡುವ ನಿಯಮವಿದೆ. ಅದನ್ನು ತಡಮಾಡದೆ ಬಡವರ ಮನೆಗೆ ಮುಟ್ಟಿಸುವುದು ಸರ್ಕಾರದ ಹೊಣೆ.

ಆದಮರ ಮಗನಿಗೆ ಹೆಣ ಹೂಳುವುದನ್ನು ತೋರಿಸಿಕೊಟ್ಟದ್ದು ಒಂದು ಕಾಗೆ ಎನ್ನುತ್ತದೆ ಕುರ್‌ಆನ್. ಹಕ್ಕಿಯಿಂದ ಕಲಿತ ನಾವು ಹಕ್ಕಿಗೊಂದು ಗುಂಡಿ ತೋಡಲಾರೆವೇ?