ಕೊಪ್ಪಳ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಸ್ನಾತಕೋತ್ತರ ವಿಭಾಗಕ್ಕಾಗಿ ಮನವಿ ಪತ್ರ

ಗೆ,
ಮಾನ್ಯ ಕುಲಪತಿಗಳು ಹಾಗೂ ಸಿಂಡಿಕೇಟ್ ಸದಸ್ಯರು,
ಕೊಪ್ಪಳ ವಿಶ್ವವಿದ್ಯಾಲಯ, ತಳಕಲ್, ಕೊಪ್ಪಳ ಜಿಲ್ಲೆ.

ವಿಷಯ: ಅಪರಾಧಶಾಸ್ತ್ರ ಮತ್ತು ಅಪರಾಧ ನ್ಯಾಯ ಆಡಳಿತದಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಪದವಿ ಆರಂಭಿಸುವ ಕುರಿತು.

ಮಾನ್ಯರೇ,

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ವಿದ್ಯಾರ್ಥಿಗಳು, ಪಾಲಕರು ಹಾಗೂ ವಕೀಲರು ಈ ಮನವಿಯನ್ನು ಸಲ್ಲಿಸುತ್ತಿದ್ದಾರೆ. ಅಪರಾಧ ಏಕೆ ನಡೆಯುತ್ತದೆ, ಅದಕ್ಕೆ ಸಮಾಜ ಮತ್ತು ಪ್ರಭುತ್ವ ಹೇಗೆ ಸ್ಪಂದಿಸುತ್ತವೆ, ನೊಂದವರ ಬದುಕು ಮುಂದೆ ಏನಾಗುತ್ತದೆ ಎಂಬುದನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಅಪರಾಧಶಾಸ್ತ್ರ. ಪೊಲೀಸ್, ಅಭಿಯೋಜನೆ, ನ್ಯಾಯಾಲಯ ಮತ್ತು ಕಾರಾಗೃಹಗಳನ್ನು ಒಂದೇ ಸರಪಳಿಯಾಗಿ ಅಭ್ಯಾಸ ಮಾಡುವುದು ಅಪರಾಧ ನ್ಯಾಯ ಆಡಳಿತ. ಈ ಎರಡೂ ವಿಷಯಗಳ ಅಧ್ಯಯನ ಈ ಜಿಲ್ಲೆಗೆ ಇಂದು ಅತ್ಯಗತ್ಯವಾಗಿದೆ ಎಂಬುದು ಮನವಿದಾರರ ದೃಢ ನಿಲುವು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಕ್ಷೌರದಂಗಡಿ ಮತ್ತು ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸುತ್ತಿದ್ದ ಊರಿನಲ್ಲಿ ಸಿನಿಮಾ ಟಿಕೆಟಿನ ವಿಚಾರವಾಗಿ ಎದ್ದ ಜಗಳವೊಂದು ಮನೆ ಸುಡುವ ಮಟ್ಟಕ್ಕೆ ಬೆಳೆಯಿತು. ಹತ್ತು ವರ್ಷಗಳ ವಿಚಾರಣೆಯ ಬಳಿಕ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರ್ಷಗಳ ಶಿಕ್ಷೆಯನ್ನೂ ವಿಧಿಸಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಶಿಕ್ಷಿತರಲ್ಲಿ ಬಹುತೇಕರಿಗೆ ಜಾಮೀನು ನೀಡಿತು. ಇಷ್ಟು ಜನ ಒಟ್ಟಾಗಿ ದಾಳಿಗೆ ಹೇಗೆ ಇಳಿದರು, ವಿಚಾರಣೆ ಒಂದು ದಶಕವನ್ನೇ ಏಕೆ ತೆಗೆದುಕೊಂಡಿತು, ತೀರ್ಪಿನ ನಂತರ ಅದೇ ಊರಿನಲ್ಲಿ ಎರಡೂ ಕಡೆಯವರು ಹೇಗೆ ಬಾಳಬೇಕು ಎಂಬ ಪ್ರಶ್ನೆಗಳಿಗೆ ನ್ಯಾಯಾಲಯದ ತೀರ್ಪೊಂದೇ ಉತ್ತರ ಕೊಡಲಾರದು. ಅದು ಅಧ್ಯಯನದ ಕೆಲಸ.

ಮರಕುಂಬಿ ಒಂಟಿ ಪ್ರಕರಣವಲ್ಲ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಮಗುವೊಂದು ಗುಡಿಯೊಳಗೆ ಹೋಯಿತೆಂದು ಕುಟುಂಬಕ್ಕೆ ದಂಡ ಹಾಕಿದ ಪ್ರಕರಣ ನಡೆಯಿತು. 2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದ ವಿಚಾರವಾಗಿ ದಲಿತ ಯುವಕನ ಕೊಲೆಯಾಯಿತು. 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಮು ದೌರ್ಜನ್ಯ ಸಂಭವಿಸಬಹುದಾದ ಪ್ರದೇಶಗಳನ್ನು ಗುರುತಿಸುವುದು, ಕಾಯ್ದೆಯ ಜಾರಿಯನ್ನು ಕಾಲಕಾಲಕ್ಕೆ ಸಮೀಕ್ಷಿಸುವುದು, ನೊಂದವರಿಗೆ ಪುನರ್ವಸತಿ ಕಲ್ಪಿಸುವುದು ಮುಂತಾದ ಕ್ರಮಗಳನ್ನು ಸರ್ಕಾರದ ಮುಂದಿಡುತ್ತದೆ. ಇವು ಅಪರಾಧಶಾಸ್ತ್ರದ ತರಬೇತಿ ಪಡೆದವರು ಮಾಡಬೇಕಾದ ಕೆಲಸಗಳು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು, ಅಂದರೆ ಸ್ಥಳದಲ್ಲಿನ ಸಾಕ್ಷ್ಯವನ್ನು ವೈಜ್ಞಾನಿಕವಾಗಿ ಸಂಗ್ರಹಿಸಿ ಪರೀಕ್ಷಿಸುವವರು, ಘಟನಾ ಸ್ಥಳಕ್ಕೆ ಭೇಟಿ ನೀಡಬೇಕು. ಇದನ್ನು ರಾಜ್ಯಗಳು ಐದು ವರ್ಷಗಳೊಳಗೆ ಜಾರಿಗೆ ತರಬೇಕು. ಇದಕ್ಕೆ ಬೇಕಾದ ಯುವಜನರನ್ನು ಸಿದ್ಧಗೊಳಿಸುವ ಹೊಣೆ ವಿಶ್ವವಿದ್ಯಾಲಯಗಳದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆಯಾದರೂ, ಗದಗ, ಹುಬ್ಬಳ್ಳಿ ದಾಟಿ ಅಲ್ಲಿಗೆ ಹೋಗಿ ಬಾಡಿಗೆ ಕೋಣೆ ಹಿಡಿದು ಓದುವುದು ಕೂಲಿಕಾರರ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ದುಸ್ತರ. ಸಂವಿಧಾನದ 371(ಜೆ) ವಿಧಿಯಡಿ ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ದೊರೆತಿರುವ ಶೇ. 70ರ ಮೀಸಲಾತಿ ಸಾರ್ಥಕವಾಗುವುದು, ಬೇಕಾದ ಪದವಿ ಈ ಭಾಗದಲ್ಲೇ ಇದ್ದಾಗ.

ಆದ್ದರಿಂದ ಮನವಿದಾರರ ಹಕ್ಕೊತ್ತಾಯಗಳು ಹೀಗಿವೆ:

1. ಮುಂಬರುವ ಶೈಕ್ಷಣಿಕ ವರ್ಷದಿಂದಲೇ ಈ ಸ್ನಾತಕೋತ್ತರ ಪದವಿಯನ್ನು ಸ್ವತಂತ್ರ ವಿಭಾಗವಾಗಿ ಆರಂಭಿಸಬೇಕು. ಕಾಯಂ ಅಧ್ಯಾಪಕರ ಹುದ್ದೆಗಳಿಗೆ ಸರ್ಕಾರದ ಮಂಜೂರಾತಿ ಪಡೆಯಬೇಕು.

2. ನೊಂದವರ ಸ್ಥಿತಿಗತಿ, ಹಕ್ಕು ಮತ್ತು ಪರಿಹಾರಗಳನ್ನು ಅಭ್ಯಸಿಸುವ ಸಂತ್ರಸ್ತಶಾಸ್ತ್ರವನ್ನೂ ಜಾತಿ ದೌರ್ಜನ್ಯದ ಅಧ್ಯಯನವನ್ನೂ ಕಡ್ಡಾಯ ಪತ್ರಿಕೆಗಳನ್ನಾಗಿ ಇಡಬೇಕು.

3. ಕನ್ನಡದಲ್ಲಿ ಬೋಧನೆ ಮತ್ತು ಪರೀಕ್ಷೆಗೆ ಅವಕಾಶವಿರಬೇಕು. ಎಫ್‌ಐಆರ್, ಪಂಚನಾಮೆ, ಸಾಕ್ಷಿಗಳ ಹೇಳಿಕೆಗಳು ಕನ್ನಡದಲ್ಲಿಯೇ ಇರುವಾಗ ಅವುಗಳನ್ನು ವಿಶ್ಲೇಷಿಸುವ ಪಠ್ಯವೂ ಕನ್ನಡದಲ್ಲಿ ಸಿದ್ಧವಾಗಬೇಕು.

4. ಜಿಲ್ಲಾ ಪೊಲೀಸ್, ಕಾರಾಗೃಹ, ಕಾನೂನು ಸೇವಾ ಪ್ರಾಧಿಕಾರ ಮತ್ತು ಮಕ್ಕಳ ರಕ್ಷಣಾ ಘಟಕಗಳೊಂದಿಗೆ ಒಪ್ಪಂದ ಮಾಡಿಕೊಂಡು ಒಂದು ಸೆಮಿಸ್ಟರ್ ಕ್ಷೇತ್ರಕಾರ್ಯವನ್ನು ಕಡ್ಡಾಯಗೊಳಿಸಬೇಕು. ನೊಂದವರ ಗುರುತು ಬಯಲಾಗದಂತೆ ಸಂಶೋಧನಾ ನೀತಿ ಸಮಿತಿ ರಚಿಸಬೇಕು.

5. ಪ್ರಯೋಗಾಲಯದ ಅನುದಾನಕ್ಕಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಪ್ರಸ್ತಾವ ಕಳುಹಿಸಬೇಕು.

6. ಪರಿವೀಕ್ಷಣಾಧಿಕಾರಿ, ಅಂದರೆ ಜೈಲಿಗೆ ಕಳುಹಿಸದೆ ಬಿಡುಗಡೆ ಮಾಡಿದವರ ನಡತೆಯ ಮೇಲೆ ನಿಗಾ ಇಡುವ ಅಧಿಕಾರಿ, ಹಾಗೂ ಕಾರಾಗೃಹ ಕಲ್ಯಾಣಾಧಿಕಾರಿಯಂಥ ಹುದ್ದೆಗಳ ನೇಮಕಾತಿಯಲ್ಲಿ ಈ ಪದವಿಯನ್ನು ಪರಿಗಣಿಸುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು.

ಅಪರಾಧ ನಡೆದ ಮೇಲೆ ಶಿಕ್ಷೆ ಕೊಡಿಸುವಷ್ಟಕ್ಕೇ ನ್ಯಾಯ ಮುಗಿಯುವುದಿಲ್ಲ. ಮುಂದಿನ ಅಪರಾಧವನ್ನು ತಡೆಯುವ ತಿಳಿವಳಿಕೆಯೂ ಬೆಳೆಯಬೇಕು. ಈ ಮನವಿಯನ್ನು ಸಿಂಡಿಕೇಟಿನ ಮುಂದಿನ ಸಭೆಯಲ್ಲಿಯೇ ಮಂಡಿಸಿ, ಕೈಗೊಂಡ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ಮನವಿದಾರರು ವಿನಂತಿಸುತ್ತಾರೆ.

ಇಂತಿ,
ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ವಿದ್ಯಾರ್ಥಿಗಳು, ಪಾಲಕರು ಮತ್ತು ವಕೀಲರು